ಹಳದಿ ಮಣಿಯಿಂದ ಹೊರಟ ದಾರಿ

ಎಲೆಕ್ಟ್ರೋಡ್. ಮೈಕೆಲ್ ಫ್ಯಾರಡೆ 1834ರಲ್ಲಿ ಬಳಕೆಗೆ ತಂದ ಈ ಪದವನ್ನು ನಾನು ಬಿಡಿಸಿ ನೋಡಿದಷ್ಟೂ ಅದರ ಮೇಲೆ ಪ್ರೀತಿ ಹೆಚ್ಚುತ್ತದೆ. ಮೊದಲ ಭಾಗದ ಬೇರು ಗ್ರೀಕಿನ ಎಲೆಕ್ಟ್ರಾನ್, ಎಂದರೆ ಅಂಬರ್. ಮರದ ಅಂಟು ಯುಗಗಳ ಕಾಲ ನೆಲದಲ್ಲಿ ಹೂತು ಗಟ್ಟಿಯಾದ ಹಳದಿ ಮಣಿ. ಉಜ್ಜಿದರೆ ಹುಲ್ಲುಕಡ್ಡಿಯನ್ನು ಸೆಳೆಯುತ್ತದೆ. ಸಂಸ್ಕೃತದ ತೃಣಮಣಿ ಎಂಬ ಹೆಸರಿನಲ್ಲೂ ಇದೇ ಗುಣವಿದೆ. 1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಕಾಂತದ ಬಗ್ಗೆ ಲ್ಯಾಟಿನ್‌ನಲ್ಲಿ ಬರೆದ ಗ್ರಂಥದಲ್ಲಿ, ಹೀಗೆ ಸೆಳೆಯುವ ವಸ್ತುಗಳನ್ನು ಎಲೆಕ್ಟ್ರಿಕಸ್ ಎಂದು ಕರೆದ. ಇಂಗ್ಲಿಷಿನ ಎಲೆಕ್ಟ್ರಿಕ್ ಬಂದದ್ದು ಅಲ್ಲಿಂದ.

ಎರಡನೆಯ ಭಾಗ ಹೋಡೋಸ್, ದಾರಿ: ದ್ರಾವಣದೊಳಗೆ ವಿದ್ಯುತ್ ಹೊಕ್ಕು ಹೊರಬರುವ ದಾರಿ.

ಬುಕ್ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿತು ಬೆಳೆದ ಫ್ಯಾರಡೆಗೆ ಗ್ರೀಕ್ ಬರುತ್ತಿರಲಿಲ್ಲ. ಎರಡು ಎಲೆಕ್ಟ್ರೋಡ್‌ಗಳನ್ನು ಹೆಸರಿಸುವ ಹೊಸ ಪದಗಳಿಗಾಗಿ ಆತ ಕೇಂಬ್ರಿಡ್ಜ್‌ನ ವಿಲಿಯಂ ಹ್ಯೂವೆಲ್‌ಗೆ ಪತ್ರ ಬರೆದ. ಆ ವಿದ್ವಾಂಸ ಸೂಚಿಸಿದ್ದು ಆನೋಡ್ ಮತ್ತು ಕ್ಯಾಥೋಡ್: ಮೇಲಕ್ಕೇರುವ ದಾರಿ, ಕೆಳಗಿಳಿಯುವ ದಾರಿ. ಭೂಮಿಯ ಕಾಂತತ್ವಕ್ಕೆ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ವಿದ್ಯುತ್ತೇ ಕಾರಣವೆಂದು ಭಾವಿಸಿದರೆ ಸಿಗುವ ದಿಕ್ಕನ್ನು ಫ್ಯಾರಡೆ ಆಧಾರವಾಗಿ ಹಿಡಿದಿದ್ದ. ಹಾಗಾಗಿ ಆನೋಡ್ ಸೂರ್ಯ ಏರುವ ಕಡೆ, ಕ್ಯಾಥೋಡ್ ಇಳಿಯುವ ಕಡೆ. ಪ್ರಯೋಗಾಲಯದ ಗಾಜಿನ ಪಾತ್ರೆಯೊಳಗೆ ಒಂದು ಹಗಲನ್ನೇ ಇಟ್ಟ ಈ ಕಲ್ಪನೆ ನನಗೆ ಕಾವ್ಯಕ್ಕಿಂತ ಕಡಿಮೆಯೆನಿಸಿಲ್ಲ. ಆನೋಡ್, ಕ್ಯಾಥೋಡ್‌ಗಳ ನಡುವೆ ಚಲಿಸುವ ಕಣಕ್ಕೆ ಅಯಾನ್ ಎಂಬ ಹೆಸರು. ಗ್ರೀಕಿನಲ್ಲಿ ಅದಕ್ಕೆ ಹೋಗುತ್ತಿರುವುದು ಎಂದಷ್ಟೇ ಅರ್ಥ.