ಹಳೆಯ ಬೈಕಿನ ಸುಖಕ್ಕೆ ತಪ್ಪು ವಕಾಲತ್ತು

ಹಳೆಯ ಬೈಕುಗಳ ಮಾತು ಬಂದಲ್ಲೆಲ್ಲ ಎರಡು ತೀರ್ಪುಗಳು ಸಿದ್ಧವಾಗಿರುತ್ತವೆ. ಪ್ರೀತಿಸುವವರದು ಒಂದು: ಆಗಿನದು ಗಟ್ಟಿ ಲೋಹ, ಅಪ್ಪಟ ಮಾಲು, ಈಗಿನದೆಲ್ಲ ತಗಡು, ಪ್ಲಾಸ್ಟಿಕ್ಕು, ಹಳೆಯ ಚಂದದೊಳಗೆ ಹೊಸ ಎಂಜಿನ್ ಕೂರಿಸಿ ಮಾರುವ ರೆಟ್ರೊ ಬೈಕಂತೂ ಬರೀ ವೇಷ. ಪ್ರೀತಿಸದವರದು ಇನ್ನೊಂದು: ಇದೆಲ್ಲ ಕಳೆದ ಕಾಲದ ಹಳಹಳಿಕೆ, ದುಡ್ಡಿದ್ದವರ ಖಯಾಲಿ. ಜಗಳ ಎಷ್ಟೇ ಜೋರಾಗಿರಲಿ, ಒಂದು ವಿಷಯವನ್ನು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿರುತ್ತಾರೆ. ಈ ಬೈಕುಗಳ ಸುಖ ಇರುವುದು ಅವುಗಳ ಹಳೆತನದಲ್ಲಿ ಎನ್ನುವುದು ಆ ವಿಷಯ. ನಾನು ಒಪ್ಪದಿರುವುದು ಅದನ್ನೇ. ಜಾವಾ, ಯೆಜ್ಡಿ, ಬುಲೆಟ್‌ಗಳನ್ನು ಇಷ್ಟಪಡುವ ನಾವೇ ನಮ್ಮ ಇಷ್ಟಕ್ಕೆ ತಪ್ಪು ಕಾರಣ ಹೇಳಿಕೊಂಡು ಬಂದಿದ್ದೇವೆ. ಆ ತಪ್ಪಿನಿಂದ ನಷ್ಟವೂ ಆಗುತ್ತಿದೆ.

ಮೊದಲು ಗಟ್ಟಿತನದ ಮಾತು. ಯೆಜ್ಡಿಯಲ್ಲಿ ಚಾರ್ಮಾಡಿ ಘಾಟಿ ಇಳಿದವರನ್ನು ಕೇಳಿ. ಇಳಿಜಾರಿನಲ್ಲಿ ಟೂ ಸ್ಟ್ರೋಕ್ ಎಂಜಿನ್ ಗಾಡಿಯನ್ನು ಹಿಡಿದು ನಿಲ್ಲಿಸುವುದು ಅಷ್ಟಕ್ಕಷ್ಟೇ. ಭಾರವೆಲ್ಲ ಎರಡು ಡ್ರಮ್ ಬ್ರೇಕುಗಳ ಮೇಲೆ, ಅವು ಕಾದಷ್ಟೂ ಹಿಡಿತ ಸಡಿಲ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಳಿಯೋಣವೆಂದರೆ ಅದೂ ಕಷ್ಟ. ಈ ಎಂಜಿನ್ನಿಗೆ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ ಬೆರೆತು. ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ನಿಗೆ ಜಿಡ್ಡೂ ಕಡಿಮೆ, ಎಂಜಿನ್ ಸೀಜ್ ಆಗುವ ಭಯ. ಬಲ್ಲವರು ಅದಕ್ಕೇ ಇಳಿಯುವಾಗಲೂ ನಡುನಡುವೆ ಕ್ಲಚ್ ಹಿಡಿದು ರೇಸ್ ಕೊಡುತ್ತಿರುತ್ತಾರೆ. ಕತ್ತಲಾಯಿತೆಂದರೆ ಆರು ವೋಲ್ಟಿನ ದೀಪ. ತಿರುವಿನಲ್ಲಿ ವೇಗ ತಗ್ಗಿದ ಕೂಡಲೇ, ಬೆಳಕು ಬೇಕಾದ ಹೊತ್ತಿಗೇ ಮಂಕಾಗುತ್ತದೆ. ಹಳೆಯ ಬುಲೆಟ್ಟಿನ ಕೆಳಗೆ ಆಯಿಲ್ ಕಲೆ ಇಲ್ಲದ ಅಂಗಳ ನಾನು ಕಂಡದ್ದು ಕಡಿಮೆ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಬೇರೆ ಗಾಡಿಯಿಂದ ಇಳಿದು ಇದನ್ನು ಹತ್ತಿದವರು ಗಾಬರಿಯಲ್ಲಿ ಬ್ರೇಕಿನ ಬದಲು ಗೇರು ಮೆಟ್ಟುತ್ತಿದ್ದರು. ಕಿಕ್ಕರ್ ತಿರುಗಿ ಹೊಡೆದು ಕಣಕಾಲು ಊದಿಸಿಕೊಂಡವರು ಊರಿಗೊಬ್ಬರಾದರೂ ಸಿಗುತ್ತಾರೆ. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ 2019ರಿಂದ ಎಬಿಎಸ್ ಕಡ್ಡಾಯವಾಗಿದೆ. ಮಳೆಯಲ್ಲಿ ಗಕ್ಕನೆ ಬ್ರೇಕ್ ಒತ್ತಬೇಕಾಗಿ ಬಂದ ದಿನ ಅದರ ಬೆಲೆ ಗೊತ್ತಾಗುತ್ತದೆ. ಹಳೆಯದು ಹೊಸದಕ್ಕಿಂತ ಒಳ್ಳೆಯ ಯಂತ್ರ ಎನ್ನುವುದು ಸುಳ್ಳು. ಇವತ್ತು ರಸ್ತೆಯಲ್ಲಿ ಕಾಣುವ ಹಳೆಯ ಬೈಕುಗಳು ಹೇಗೋ ಉಳಿದುಕೊಂಡವು. ಉಳಿಯದವು ಗುಜರಿ ಅಂಗಡಿಯಲ್ಲಿ ಕೆಜಿ ಲೆಕ್ಕಕ್ಕೆ ಹೋದವು, ಅವನ್ನು ಸೇರಿಸಿ ಯಾರೂ ಲೆಕ್ಕ ಹಾಕುವುದಿಲ್ಲ.

ಇನ್ನು ಅಸಲಿತನ. ಈ ಮಾತಿಗೆ ಉತ್ತರ ಮೈಸೂರಿನಲ್ಲೇ ಇದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು 1960ರ ಆಸುಪಾಸಿನಲ್ಲಿ. ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಕಟ್ಟಿದವರು ಪಾರ್ಸಿ ಉದ್ಯಮಿಗಳು. ಬೈಕಿನ ವಿನ್ಯಾಸ ಚೆಕೊಸ್ಲೊವಾಕಿಯಾದ್ದು. ಆ ಜಾವಾ ಕಂಪನಿಯಾದರೂ 1929ರಲ್ಲಿ ಹುಟ್ಟಿದ್ದು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸವನ್ನು ಕೊಂಡುಕೊಂಡು. 1970ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿಯಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಹಾಗಾದರೆ ಅಸಲಿ ಯಾವುದು? ಜರ್ಮನಿಯದೋ, ಪ್ರಾಗಿನದೋ, ಮೈಸೂರಿನದೋ? ಮೈಸೂರಿನದೇ ಎಂದು ಪಟ್ಟು ಹಿಡಿದರೂ ಮುಂದೆ ಇನ್ನೊಂದು ಪ್ರಶ್ನೆ ಇದೆ. ಕಂಪನಿ ಮುಚ್ಚಿದ ಮೇಲೂ ಓಡುತ್ತಲೇ ಬಂದಿರುವ ಯೆಜ್ಡಿಯಲ್ಲಿ ಕಾರ್ಖಾನೆಯಿಂದ ಬಂದ ಭಾಗ ಎಷ್ಟು ಉಳಿದಿದೆ? ಸಿಲಿಂಡರನ್ನು ಮತ್ತೆ ಮತ್ತೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸಿರುತ್ತಾರೆ. ಕ್ರ್ಯಾಂಕನ್ನು ಲೇತ್ ಅಂಗಡಿಯಲ್ಲಿ ಬಿಚ್ಚಿ ಕೂಡಿಸಿರುತ್ತಾರೆ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಶನ್ ಕೂರಿಸಿರುತ್ತಾರೆ, ದೀಪವನ್ನು ಹನ್ನೆರಡು ವೋಲ್ಟಿಗೆ ಬದಲಿಸಿರುತ್ತಾರೆ. ಸೈಲೆನ್ಸರು, ಮಡ್‌ಗಾರ್ಡು, ಸೀಟು ಎಲ್ಲೋ ಸಣ್ಣ ವರ್ಕ್‌ಶಾಪಿನಲ್ಲಿ ತಯಾರಾದವು. ಹಾಗಿದ್ದೂ ಅದು ಯೆಜ್ಡಿಯೇ. ಅದನ್ನು ಯೆಜ್ಡಿಯಾಗಿ ಉಳಿಸಿದ್ದು ಇಷ್ಟು ಜನರ ಕೈ. ಕಾರ್ಖಾನೆ ಮಾಡಿದ್ದು ಒಮ್ಮೆ, ಇವರು ಮಾಡಿದ್ದು ಹತ್ತಾರು ಸಲ. ಒಂದು ಬೋಲ್ಟ್ ಬೇರೆಯಿದ್ದರೂ ಮೂಗು ಮುರಿಯುವ ಶುದ್ಧತೆಯ ವಾದಿಗಳು ಈ ಕೆಲಸವನ್ನೆಲ್ಲ ಕಳಂಕವೆಂದು ಎಣಿಸುತ್ತಾರೆ. ಇದಕ್ಕಿಂತ ದೊಡ್ಡ ಕೃತಘ್ನತೆ ನನಗೆ ತೋಚುವುದಿಲ್ಲ.

ಮೋಟಾರ್‌ಸೈಕಲ್ಲಿನ ಚರಿತ್ರೆಯ ತುಂಬ ಇಂಥದೇ ಕೊಳುಕೊಡುಗೆ. ಜಪಾನಿನ ಕವಾಸಾಕಿ 1966ರಲ್ಲಿ ತಂದ ಡಬ್ಲ್ಯೂ1 ಬೈಕಿನ ಎಂಜಿನ್ ಮೆಗುರೊ ಕಂಪನಿಯಿಂದ ಬಂದದ್ದು, ಮೆಗುರೊ ಮಾದರಿಯಾಗಿ ಇಟ್ಟುಕೊಂಡದ್ದು ಬ್ರಿಟನ್ನಿನ ಬಿಎಸ್‌ಎ ಬೈಕನ್ನು. ಕವಾಸಾಕಿಯೇ 1999ರಲ್ಲಿ ಹಳೆಯ ಚಂದದ ಡಬ್ಲ್ಯೂ650 ತಂದಾಗ ಅನೇಕರು ಅದನ್ನು ಬ್ರಿಟಿಷ್ ಬೈಕಿನ ನಕಲು ಅಂದರು. ಅದರ ಹಿಂದಿದ್ದ ಮೂರು ದಶಕದ ಸ್ವಂತ ವಂಶಾವಳಿ ಅವರ ನೆನಪಿಗೆ ಬರಲಿಲ್ಲ. ರಾಯಲ್ ಎನ್‌ಫೀಲ್ಡ್ ಕಂಪನಿಯ ಬುಲೆಟ್ಟಿನ ತಯಾರಿಕೆ 1955ರಲ್ಲಿ ಬ್ರಿಟನ್ನಿನಿಂದ ಮದ್ರಾಸಿಗೂ ಬಂತು. ತವರಿನಲ್ಲಿ 1970ರ ಹೊತ್ತಿಗೆ ಕಂಪನಿಯ ಕತೆಯೇ ಮುಗಿಯಿತು, ಮದ್ರಾಸಿನಲ್ಲಿ ಬುಲೆಟ್ ತಯಾರಾಗುತ್ತಲೇ ಇತ್ತು.

ರೆಟ್ರೊ ಬೈಕುಗಳ ಮೇಲಿನ ಆರೋಪವನ್ನು ಈ ಬೆಳಕಿನಲ್ಲಿ ನೋಡಬೇಕು. ರಾಯಲ್ ಎನ್‌ಫೀಲ್ಡ್ 2009ರಲ್ಲಿ ಕ್ಲಾಸಿಕ್ ಬೈಕನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ರೂಪಕ್ಕೆ ಪ್ರೇರಣೆ ಎರಡನೇ ಮಹಾಯುದ್ಧ ಮುಗಿದ ಕಾಲದ ಬ್ರಿಟಿಷ್ ಬೈಕುಗಳು. ಆ ಬೈಕುಗಳನ್ನು ನಮ್ಮಲ್ಲಿ ಕಣ್ಣಾರೆ ಕಂಡವರು ಎಷ್ಟು ಜನ? ಕಾಣದ ಕಾಲಕ್ಕೆ ಹಳಹಳಿಸುವುದು ಹೇಗೆ? ಆದರೂ ಕ್ಲಾಸಿಕ್ ಊರೂರಿಗೆ ಹರಡಿತು. ಪ್ರತಿ ವರ್ಷ ಜುಲೈಯಲ್ಲಿ ಜಾವಾ ಯೆಜ್ಡಿ ದಿನ ಆಚರಿಸಲು ಸೇರುವವರಲ್ಲಿಯೂ ಮೈಸೂರಿನ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಹುಟ್ಟಿದ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಯಮಹಾ ಆರ್‌ಎಕ್ಸ್100 ಬೈಕಿನ ತಯಾರಿಕೆ ನಿಂತದ್ದೂ 1996ರಲ್ಲೇ. ಅದಕ್ಕಾಗಿ ಲಕ್ಷಗಟ್ಟಲೆ ಸುರಿಯಲು ಸಿದ್ಧರಿರುವವರಲ್ಲಿ ಅನೇಕರು ಆಗ ಹುಟ್ಟಿರಲೇ ಇಲ್ಲ. ಹಳಹಳಿಕೆ ಎಂಬ ವಿವರಣೆ ಇವರ ಮುಂದೆ ನಿಲ್ಲುವುದಿಲ್ಲ.

ಇವರಿಗೆ ಬೇಕಾದದ್ದು ಏನೆಂದು ತಿಳಿಯಲು ಎಂಜಿನ್ನಿನ ಸ್ವಭಾವ ನೋಡಿದರೆ ಸಾಕು. ಈಗಿನ ಕ್ಲಾಸಿಕ್ 350ರ ಎಂಜಿನ್ 349 ಸಿಸಿ. ಶಕ್ತಿ ಸುಮಾರು 20 ಅಶ್ವಶಕ್ತಿ. ಹೆಚ್ಚುಕಡಿಮೆ ಅಷ್ಟೇ ಗಾತ್ರದ ಎಂಜಿನ್ನಿನಿಂದ 40 ದಾಟಿ ಹಿಂಡುವ ಬೈಕುಗಳು ನಮ್ಮ ಮಾರುಕಟ್ಟೆಯಲ್ಲೇ ಇವೆ. ಕ್ಲಾಸಿಕ್ಕಿನ ಪಿಸ್ಟನ್ ತನ್ನ ಅಡ್ಡಗಲಕ್ಕಿಂತ ಹೆಚ್ಚು ದೂರ ಮೇಲೆ ಕೆಳಗೆ ಓಡುತ್ತದೆ, ನಿಧಾನ ತಿರುಗುತ್ತಲೇ ಬಲವಾಗಿ ಎಳೆಯುತ್ತದೆ. ಹುಣಸೂರು ದಾಟಿ ಗೋಣಿಕೊಪ್ಪದ ಕಡೆ ಎಪ್ಪತ್ತರ ವೇಗದಲ್ಲಿ ಹೋಗುವಾಗ ಈ ಬೈಕಿಗೆ ಅದು ತುಂಬಿದ ಓಟ. ಇನ್ನೂ ಓಡಿಸು ಎಂದು ಅದು ಪೀಡಿಸುವುದಿಲ್ಲ. ಎರಡು ಪಟ್ಟು ಶಕ್ತಿಯ ಬೈಕಿಗೆ ಅದೇ ಎಪ್ಪತ್ತು ತಡೆದು ಹಿಡಿದ ಹಾಗೆ, ಸವಾರನ ಕೈ ತುರಿಸುತ್ತಲೇ ಇರುತ್ತದೆ. ನಮ್ಮ ರಸ್ತೆಗಳು, ನಮ್ಮ ಹಂಪುಗಳು, ಅಡ್ಡ ಬರುವ ದನಕರುಗಳು ಯಾವ ವೇಗಕ್ಕೆ ಸರಿಯೋ ಆ ವೇಗದಲ್ಲೇ ತೃಪ್ತಿ ಕೊಡುವ ಎಂಜಿನ್ ಕಟ್ಟುವುದು ವೇಷವಲ್ಲ, ಒಳ್ಳೆಯ ಬುದ್ಧಿ.

ವೇಷವೂ ಇದೆ, ಇಲ್ಲವೆನ್ನಲಾರೆ. ಟ್ರಯಂಫ್ ಕಂಪನಿ ತನ್ನ ಬಾನವಿಲ್ ಬೈಕಿಗೆ ಫ್ಯೂಯಲ್ ಇಂಜೆಕ್ಷನ್ ಅಳವಡಿಸಿದಾಗ ಆ ಭಾಗಗಳಿಗೆ ಹಳೆಯ ಕಾರ್ಬೋರೇಟರಿನ ಆಕಾರ ಕೊಟ್ಟಿತು. 2018ರಲ್ಲಿ ಹೊಸದಾಗಿ ಬಂದ ಜಾವಾದ್ದು ಫೋರ್ ಸ್ಟ್ರೋಕ್ ಎಂಜಿನ್. ಒಂದೇ ಸಿಲಿಂಡರಿಗೆ ಹಳೆಯದರಂತೆ ಎರಡು ಸೈಲೆನ್ಸರ್. ಅದು ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಎರಡು ಸೈಲೆನ್ಸರಿನ ಬಗ್ಗೆ ನನ್ನ ತಕರಾರಿಲ್ಲ, ಅಂದಕ್ಕೆ ಅಂದವೇ ಸಾಕಾದ ಕಾರಣ. ಕಾರ್ಬೋರೇಟರಿನ ಆಕಾರ ಮಾತ್ರ ನನಗೆ ಸರಿಕಾಣುವುದಿಲ್ಲ. ಬಿಚ್ಚಿ ತೊಳೆಯಬಹುದು ಎಂದು ತೋರಿಸಿಕೊಳ್ಳುವ ಭಾಗವನ್ನು ಮನೆಯಲ್ಲಿ ಬಿಚ್ಚಿದರೆ ಕೈಗೆ ಏನೂ ಸಿಗುವುದಿಲ್ಲ.

ಹಳೆಯ ಬೈಕಿನ ನಿಜವಾದ ಸುಖ ಇರುವುದು ಈ ಬಿಚ್ಚುವ, ತೊಳೆಯುವ, ಕೂಡಿಸುವ ಕಡೆ. ನಮ್ಮಲ್ಲಿ ಹೀರೊ ಹೋಂಡಾ ಸಿಡಿ100 ಬಂದದ್ದು 1985ರಲ್ಲಿ. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬುದೇ ಅದರ ಜಾಹೀರಾತಿನ ಭರವಸೆ. ಆ ಭರವಸೆ ನಿಜವಾಯಿತು. ಹಾಲು ಹಾಕುವವರಿಗೆ, ಹಳ್ಳಿ ಶಾಲೆಯ ಮೇಷ್ಟ್ರಿಗೆ, ದಿನಾ ನಲವತ್ತು ಕಿಲೋಮೀಟರ್ ಓಡಾಡುವ ಗುಮಾಸ್ತರಿಗೆ ಅದರಿಂದ ಆದ ಉಪಕಾರ ದೊಡ್ಡದು. ಮೈಲೇಜಿನ ಲೆಕ್ಕದಲ್ಲಿ ಯೆಜ್ಡಿ ಅದರ ಹತ್ತಿರ ಸುಳಿಯಲೂ ಆಗಲಿಲ್ಲ. ಆದರೆ ಮರೆಯಬಹುದಾದ ಬೈಕನ್ನು ಜನ ಮರೆತೂ ಬಿಟ್ಟರು.

ಯೆಜ್ಡಿಯನ್ನು ಮರೆಯಲು ಆಗುವುದಿಲ್ಲ. ಬಂಕಿನಲ್ಲೇ ಶುರು: ಲೀಟರಿಗೆ ಸುಮಾರು 40 ಮಿಲಿ ಟೂಟಿ ಆಯಿಲ್ ಹಾಕಿಸಬೇಕು, ಹೆಚ್ಚಾದರೆ ಪ್ಲಗ್ ಕಟ್ಟಿಕೊಳ್ಳುತ್ತದೆ, ಕಡಿಮೆಯಾದರೆ ಪಿಸ್ಟನ್ ಹಿಡಿಯುತ್ತದೆ. ಬೆಳಗಿನ ಚಳಿಯಲ್ಲಿ ಕಾರ್ಬೋರೇಟರ್ ಮೇಲಿನ ಪುಟ್ಟ ಗುಂಡಿ ಒತ್ತಿ ಪೆಟ್ರೋಲ್ ಉಕ್ಕಿಸಿ ಕಿಕ್ ಹೊಡೆಯಬೇಕು. ಹೊಡೆದ ಕಿಕ್ಕರನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್. ಇಂಥ ಏರ್ಪಾಡು ಕಂಡು ಸಂತೋಷವಾಗದ ಮಗುವನ್ನು ನಾನು ನೋಡಿಲ್ಲ, ದೊಡ್ಡವರನ್ನೂ ನೋಡಿಲ್ಲ. ಹಳೆಯ ಬುಲೆಟ್ಟಿನದು ಬೇರೆ ಶಾಸ್ತ್ರ. ಕಿಕ್ಕರನ್ನು ಮೆಲ್ಲನೆ ಅದುಮುತ್ತ ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬರುವುದನ್ನು ಕಾಯಬೇಕು, ಡಿಕಂಪ್ರೆಸರ್ ಹಿಡಿದು ಪಿಸ್ಟನ್ನನ್ನು ತುಸು ದಾಟಿಸಬೇಕು, ಬಿಟ್ಟು, ಮೈಭಾರವೆಲ್ಲ ಹಾಕಿ ಒಂದೇ ಕಿಕ್. ಇದನ್ನು ಕಲಿತವರಿಗೆ ಸಿಲಿಂಡರಿನೊಳಗೆ ಪಿಸ್ಟನ್ ಎಲ್ಲಿದೆ ಎಂಬುದು ಪಾದದಿಂದಲೇ ಗೊತ್ತಾಗುತ್ತದೆ. ಕಾಣದ ಕಡೆ ನಡೆಯುವುದನ್ನು ಮೈ ತಿಳಿದುಕೊಳ್ಳುತ್ತದೆ. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಸದ್ದಿನಲ್ಲಿ ಒಂದು ಎಳೆ ಬದಲಾಯಿತೆಂದರೆ ಚೈನೋ, ಪ್ಲಗ್ಗೋ, ಟೈಮಿಂಗೋ ಎಂದು ಕಿವಿ ಹುಡುಕಲು ತೊಡಗುತ್ತದೆ. ಈ ಎಚ್ಚರ ಒಂದು ಸುಖ. ಕೈಕಾಲು ಕಿವಿಗಳಿಗೆ ಏನೂ ಕೆಲಸ ಉಳಿಯದಂತೆ ಬದುಕು ನುಣುಪಾಗುತ್ತಿರುವ ಹೊತ್ತಿನಲ್ಲಿ ಇಪ್ಪತ್ತೈದರ ಹುಡುಗರು ಅದನ್ನು ಹುಡುಕಿಕೊಂಡು ಬಂದರೆ ಅವರು ಹಿಂದಕ್ಕೆ ನೋಡುತ್ತಿದ್ದಾರೆ ಎನ್ನಬಾರದು. ಅವರಿಗೆ ಇವತ್ತೇ ಬೇಕಾದದ್ದು ಅದು.

ಸುಖ ಹಳೆತನದಲ್ಲಿದೆ ಎಂಬ ನಂಬಿಕೆಯಿಂದ ನಷ್ಟವಿದೆ ಎಂದೆ. ಹಳೆತನಕ್ಕೆ ಬೆಲೆ ಕಟ್ಟತೊಡಗಿದ ಕೂಡಲೇ ಬೈಕು ಆಸ್ತಿಯಾಗುತ್ತದೆ. ಹೊಳೆಯುವ ಬಣ್ಣ ಬಳಿಸಿ, ಎಂಜಿನ್ ಚಾಲೂ ಮಾಡದೆ ಹಜಾರದಲ್ಲಿ ನಿಲ್ಲಿಸಿ ದರ ಏರಲೆಂದು ಕಾಯುವವರು ಹೆಚ್ಚಿದ್ದಾರೆ. ನಿಜವಾಗಿ ಓಡಿಸುವ ಹುಡುಗನಿಗೆ ಕೊಳ್ಳಲಾಗದ ಬೆಲೆಯನ್ನು ಕಟ್ಟಿದವರು ಇವರೇ. ಹಳೆಯ ಬೈಕೆಂದರೆ ಗತ್ತು ಎಂಬ ನಂಬಿಕೆ ಇನ್ನೊಂದು ಕೇಡು. ಬುಲೆಟ್ ಅಂದರೆ ಸದ್ದು ಎಂದುಕೊಂಡವರು ಸೈಲೆನ್ಸರ್ ಬದಲಿಸಿ ಆಸ್ಪತ್ರೆಯ ಮುಂದೆಯೂ ಗುಡುಗಿಸುತ್ತಾರೆ. ಅಂಥ ಸೈಲೆನ್ಸರುಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಿದರೆ ನನಗೆ ಸಮಾಧಾನವೇ.

ಹೊಗೆಯ ಪ್ರಶ್ನೆಯನ್ನೂ ಮುಚ್ಚಿಡಬಾರದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಪೆಟ್ರೋಲ್ ಒಳಬರುವಾಗ ಹೊಗೆ ಹೊರಹೋಗುವ ದಾರಿಯೂ ತೆರೆದೇ ಇರುತ್ತದೆ, ಸ್ವಲ್ಪ ಪೆಟ್ರೋಲ್ ಸುಡದೆಯೇ ಸೈಲೆನ್ಸರಿನಿಂದ ಆಚೆ ಹೋಗುತ್ತದೆ. ನಗರದ ದಿನನಿತ್ಯದ ಓಡಾಟಕ್ಕೆ ಇದು ತಕ್ಕದ್ದಲ್ಲ. ಭಾನುವಾರದ ಬೆಳಿಗ್ಗೆ, ಚೆನ್ನಾಗಿ ಟ್ಯೂನ್ ಮಾಡಿಸಿ, ಊರಾಚೆ ಓಡಿಸುವುದಕ್ಕೆ ಮಾತ್ರ ನಾನು ಪರ. ದಿನನಿತ್ಯದ ಕೆಲಸಕ್ಕೆ ಹೊಸ ಎಂಜಿನ್ನಿನ ರೆಟ್ರೊ ಬೈಕೇ ಮೇಲು ಎಂದು ಯೆಜ್ಡಿಯವರು ಮನಸ್ಸು ಬಿಚ್ಚಿ ಹೇಳಬೇಕು. ರೆಟ್ರೊ ಕೊಂಡವರನ್ನು ಹೊರಗಿನವರಂತೆ ಕಾಣುವುದನ್ನು ಬಿಡಬೇಕು.

ರೆಟ್ರೊ ಕಂಪನಿಗಳಿಂದ ಕೇಳಬೇಕಾದದ್ದು ಬೇರೆ ಇದೆ. ಹಳೆಯ ದೀಪ, ಹಳೆಯ ಟ್ಯಾಂಕು, ಹಳೆಯ ಬಣ್ಣ ಎಲ್ಲ ತಂದಿರಿ. ಬಿಚ್ಚುವ ಹಕ್ಕನ್ನು ಮಾತ್ರ ತರಲಿಲ್ಲ. ಈಗಿನ ಬೈಕಿನಲ್ಲಿ ಒಂದು ಸೆನ್ಸರ್ ಕೈಕೊಟ್ಟರೆ ಊರಿನ ಮೆಕ್ಯಾನಿಕ್ ಅಸಹಾಯಕ. ಕಂಪ್ಯೂಟರಿಗೆ ಜೋಡಿಸಿ ದೋಷ ಓದುವ ಉಪಕರಣ ಕಂಪನಿಯ ಸರ್ವಿಸ್ ಸೆಂಟರಿನಲ್ಲಿರುತ್ತದೆ, ಅವನ ಬಳಿ ಇರುವುದಿಲ್ಲ. ದುರಸ್ತಿಯ ಹಕ್ಕಿನ ಚೌಕಟ್ಟು ರೂಪಿಸಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿದಾಗ ಅದರ ಪಟ್ಟಿಯಲ್ಲಿ ವಾಹನಗಳೂ ಇದ್ದವು. ಹಳೆಯ ಬೈಕಿನ ಹೆಸರಿನಲ್ಲಿ ವ್ಯಾಪಾರ ಮಾಡುವವರು ಈ ವಿಷಯದಲ್ಲಿ ಎಲ್ಲರಿಗಿಂತ ಮುಂದಿರಬೇಕಿತ್ತು. ಸರ್ವಿಸ್ ಮ್ಯಾನ್ಯುಯಲ್ ಕನ್ನಡದಲ್ಲಿ ಅಚ್ಚಾಗಲಿ. ಬಿಡಿಭಾಗಗಳು ಯಾವ ಅಂಗಡಿಗಾದರೂ ಸಿಗಲಿ. ದೋಷ ಓದುವ ಉಪಕರಣವನ್ನು ಸಣ್ಣ ಗ್ಯಾರೇಜಿನವನಿಗೂ ಕೈಗೆಟುಕುವ ಬೆಲೆಗೆ ಮಾರಲಿ. ಐಟಿಐ ಹುಡುಗರಿಗೆ ಇಂಜೆಕ್ಷನ್ ಕಲಿಸುವ ಮೊದಲು ಕಾರ್ಬೋರೇಟರ್ ಬಿಚ್ಚಿಸಲಿ. ಗಾಳಿ ಪೆಟ್ರೋಲ್ ಹೇಗೆ ಬೆರೆಯುತ್ತವೆ ಎಂಬುದನ್ನು ಕೈಯಲ್ಲಿ ಹಿಡಿದು ನೋಡಿದವನಿಗೆ ಇಂಜೆಕ್ಷನ್ ಕೂಡ ಬೇಗ ತಿಳಿಯುತ್ತದೆ. ಪಾಯಿಂಟ್ ಹಿಡಿದು ಟೈಮಿಂಗ್ ಕೂರಿಸಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಮೈಸೂರು, ಬೆಂಗಳೂರುಗಳ ಗಲ್ಲಿಗಳಲ್ಲಿ ಇನ್ನೂ ಕೆಲಸ ಮಾಡುತ್ತಿದ್ದಾರೆ. ಅವರ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ಕೂರುವ ಹುಡುಗರಿಗೆ ತಿಂಗಳ ಭತ್ಯೆ ಕೊಟ್ಟು ಕಲಿಸುವ ಹೊಣೆಯನ್ನು ಈ ಕಂಪನಿಗಳೂ ನಮ್ಮ ಬೈಕ್ ಕ್ಲಬ್ಬುಗಳೂ ಸೇರಿ ಈ ವರ್ಷವೇ ಹೊರಬೇಕು.