ಹಳೆಯ ದೋಣಿಯ ಸರ್ವೆ: ವರದಿ ನೋಡದೆ ಬಿಟ್ಟದ್ದು

2014ರ ಮೇ ತಿಂಗಳಲ್ಲಿ ಆಂಟಿಗುವಾದಿಂದ ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಮರಳುತ್ತಿದ್ದ ‘ಚೀಕಿ ರಫೀಕಿ’ ಎಂಬ ಹಾಯಿದೋಣಿ ಅಟ್ಲಾಂಟಿಕ್ ನಡುವೆ ಮಗುಚಿತು. ಅದರಲ್ಲಿದ್ದ ನಾಲ್ವರೂ ಸಿಗಲಿಲ್ಲ. ಬೋರಲಾಗಿ ತೇಲುತ್ತಿದ್ದ ದೋಣಿಯಲ್ಲಿ ಕೀಲ್ ಇರಲಿಲ್ಲ. ಗಾಳಿಯ ಹೊಡೆತಕ್ಕೆ ದೋಣಿ ಉರುಳದಂತೆ ಹಿಡಿಯುವ ಆ ಭಾರದ ತಳಭಾಗ ಕಳಚಿಹೋಗಿತ್ತು. ದೋಣಿ ಹಿಂದೆ ನೆಲಕ್ಕೆ ತಾಗಿದ್ದು, ಆಮೇಲೆ ನಡೆದ ರಿಪೇರಿ ಎರಡೂ ಸೇರಿ ಜೋಡಣೆಯನ್ನು ದುರ್ಬಲಗೊಳಿಸಿರಬಹುದು ಎಂದು ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆ 2015ರ ವರದಿಯಲ್ಲಿ ಹೇಳಿತು. ಕೀಲ್‌ನ ಮೇಲ್ಭಾಗದಲ್ಲಿ ಒಳಚೌಕಟ್ಟು ದೋಣಿಯ ಮೈಯಿಂದ ಬಿಟ್ಟುಕೊಂಡಿದ್ದರೆ ಅದನ್ನು ಪತ್ತೆ ಮಾಡುವುದು ಕಷ್ಟ ಎಂದೂ ಹೇಳಿತು.

ಅದು ಮಾರಾಟದ ಪ್ರಕರಣವಲ್ಲ. ಆದರೂ ಹಳೆಯ ದೋಣಿ ಕೊಳ್ಳುವ ಮುನ್ನ ಮಾಡಿಸುವ ಸರ್ವೆಯ ಬೆಲೆ ಎಷ್ಟು ಎಂದು ಕೇಳುವಾಗ ನನಗೆ ಮೊದಲು ನೆನಪಾಗುವುದು ಅದೇ.

ಒಳ್ಳೆಯ ಸರ್ವೇಯರ್ ಕೆಲಸ ಮಾಡುವುದನ್ನು ನೋಡುವುದೇ ಒಂದು ಪಾಠ. ಕ್ರೇನಿನಿಂದ ಎತ್ತಿಟ್ಟ ದೋಣಿಯ ಮೈಯನ್ನು ಸಣ್ಣ ಸುತ್ತಿಗೆಯಲ್ಲಿ ಅಂಗುಲ ಅಂಗುಲವಾಗಿ ತಟ್ಟುತ್ತ ಹೋಗುತ್ತಾರೆ. ಗಟ್ಟಿ ಫೈಬರ್‌ಗ್ಲಾಸ್ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ದಬ್ ಎನ್ನುತ್ತದೆ. ಸಮುದ್ರದ ನೀರನ್ನು ತಡೆಯುವ ಹಿತ್ತಾಳೆ ವಾಲ್ವನ್ನು ಕೆರೆದು ನೋಡುತ್ತಾರೆ: ಲೋಹದಲ್ಲಿನ ಸತುವನ್ನು ಉಪ್ಪುನೀರು ತಿಂದಿದ್ದರೆ ಅದು ಗುಲಾಬಿ ಬಣ್ಣಕ್ಕೆ ತಿರುಗಿ ಪೆಡಸಾಗಿರುತ್ತದೆ. ಅಂಥದ್ದೊಂದು ಮುರಿದರೆ ದೋಣಿ ಕಟ್ಟಿದಲ್ಲೇ ಮುಳುಗೀತು. ಮೇಲೆ ಥಳಕು, ಒಳಗೆ ಹುಳುಕು ಎಂಬ ಮಾತು ಮಾರಾಟಕ್ಕಿಟ್ಟ ದೋಣಿಗೆ ಚೆನ್ನಾಗಿ ಒಪ್ಪುತ್ತದೆ. ಈ ತಪಾಸಣೆಗೆ ಕೊಡುವ ಹಣ ದಂಡವಲ್ಲ.

ನನ್ನ ತಕರಾರು ಗಮನ ಎಲ್ಲಿ ಹರಿಯುತ್ತದೆ ಎಂಬುದರ ಬಗ್ಗೆ. ತಳದಲ್ಲಿ ಏಳುವ ಗುಳ್ಳೆಗಳ ಮೇಲೆ ಬೇಕಾದಷ್ಟು ಚರ್ಚೆಯಾಗುತ್ತದೆ. ಚುಚ್ಚಿದರೆ ವಿನೆಗರ್‌ನಂಥ ಹುಳಿವಾಸನೆ ಬರುವ ಆ ಗುಳ್ಳೆಗಳಿಂದ ದೋಣಿ ಮುಳುಗುವುದು ತೀರ ಅಪರೂಪ. ಆಗಷ್ಟೇ ನೀರಿನಿಂದ ಮೇಲೆತ್ತಿದ ಮೈಗೆ ತೇವಮಾಪಕ ಹಿಡಿದು, ಬಂದ ಅಂಕಿ ತೋರಿಸಿ ಬೆಲೆ ಇಳಿಸುವ ಚೌಕಾಸಿಯೂ ಉಂಟು. ಮೈ ಒಣಗದೆ ಆ ಅಂಕಿಯನ್ನು ನಂಬುವಂತಿಲ್ಲ. ಪ್ರಾಣಕ್ಕೆ ಸಂಬಂಧಿಸಿದ ಮಾತು ಷರತ್ತುಗಳ ನಡುವೆ ಅಡಗಿರುತ್ತದೆ: ಕೀಲ್ ಬೋಲ್ಟ್ ಬಿಚ್ಚಿ ನೋಡಿಲ್ಲ, ಎಂಜಿನ್ ಕಳಚಿಲ್ಲ, ಮುಚ್ಚಿದ ಭಾಗಗಳನ್ನು ಪರೀಕ್ಷಿಸಿಲ್ಲ. ಸರ್ವೇಯರ್ ಇದರಲ್ಲಿ ಮೋಸ ಮಾಡುತ್ತಿಲ್ಲ. ದೋಣಿ ಇನ್ನೂ ಬೇರೆಯವರ ಸ್ವತ್ತು, ಅವರ ಒಪ್ಪಿಗೆ ಇಲ್ಲದೆ ಒಂದು ಬೋಲ್ಟನ್ನೂ ಬಿಚ್ಚುವಂತಿಲ್ಲ. ಆದರೆ ವರದಿಯ ಮೊದಲ ಪುಟದಲ್ಲಿರಬೇಕಾದದ್ದು ಈ ಪಟ್ಟಿಯೇ. ದೋಣಿ ಎಂದಾದರೂ ನೆಲಕ್ಕೆ ತಾಗಿತ್ತೇ, ಯಾರು ರಿಪೇರಿ ಮಾಡಿದರು ಎಂಬ ಪ್ರಶ್ನೆ ಅದರ ಪಕ್ಕದಲ್ಲೇ ಇರಬೇಕು.

ಇನ್ನೊಂದು ಕೊರತೆ ವೃತ್ತಿಯದ್ದೇ. ಅಮೆರಿಕದಲ್ಲಿ ದೋಣಿ ಸರ್ವೇಯರ್ ಆಗಲು ಸರ್ಕಾರದ ಪರವಾನಗಿ ಬೇಕಿಲ್ಲ. ವೃತ್ತಿಸಂಘಗಳ ಸದಸ್ಯತ್ವ ಅವರವರ ಇಷ್ಟ. ಹೆಸರು ಸೂಚಿಸುವುದು ಎಷ್ಟೋ ಸಲ ಮಾರಾಟದಿಂದಲೇ ಕಮಿಷನ್ ಪಡೆಯುವ ದಲ್ಲಾಳಿ. ಆ ಹೆಸರನ್ನು ಬಿಟ್ಟು ಬೇರೆಯವರನ್ನು ಹುಡುಕಬೇಕು, ಮಾರುವವರು ಕೊಡುವ ಹಳೆಯ ವರದಿಯನ್ನು ನೆಚ್ಚಬಾರದು, ತಪಾಸಣೆಯ ದಿನ ಸ್ಥಳದಲ್ಲೇ ಇರಬೇಕು. ಬರೆಯುವಾಗ ಅಳೆದು ತೂಗುವ ಸರ್ವೇಯರ್ ಕೂಡ, ದೋಣಿಯ ಪಕ್ಕ ನಿಂತು ‘ನೀವಾದರೆ ಇದನ್ನು ಕೊಳ್ಳುತ್ತೀರಾ?’ ಎಂದು ಕೇಳಿದರೆ ಬಿಚ್ಚಿ ಹೇಳಿಯಾರು.