ಮೇಜಿನ ಆಚೆ ಬದಿ

ಮಕ್ಕಳು ನೋಡಿ ನಗೋ ಕಾರ್ಟೂನಿಗೂ ನಿಮ್ಮ ಬಂಡಾಯ ಬೇಕೇನ್ರಿ ಅಂತ ಕೇಳುವವರಿದ್ದಾರೆ. ಬೇಕು. ಯಾರು ಎಲ್ಲಿ ಕೂರಬೇಕು ಅನ್ನೋ ಪಾಠ ಶುರುವಾಗೋದು ಮಕ್ಕಳಿಂದ. ಅದೂ ಊಟದ ಸಾಲಿನಲ್ಲಿ.

ಅಮೆರಿಕದ ಚಾರ್ಲ್ಸ್ ಶುಲ್ಜ್ 1950ರಿಂದ 2000ದವರೆಗೆ ಪತ್ರಿಕೆಗಳಿಗೆ ಬರೆದ ‘ಪೀನಟ್ಸ್’ ಚಿತ್ರಮಾಲೆಯನ್ನು ಲೋಕವೇ ಮೆಚ್ಚಿತು. ಸದಾ ಸೋಲುವ ಚಾರ್ಲಿ ಬ್ರೌನ್, ಜಬರದಸ್ತಿನ ಲೂಸಿ, ಕಂಬಳಿ ಬಿಡದ ಲೈನಸ್, ನಾಯಿ ಸ್ನೂಪಿ. 1965ರ ಕ್ರಿಸ್‌ಮಸ್ ಚಿತ್ರದಿಂದ ಇವರು ಹಬ್ಬ ಹಬ್ಬಕ್ಕೂ ಟೀವಿಗೆ ಬಂದರು. ಆದರೆ ಪತ್ರಿಕೆಯ ಪುಟದಲ್ಲಿ ಸುಮಾರು 18 ವರ್ಷ ಒಂದೂ ಕಪ್ಪು ಮಗು ಇರಲಿಲ್ಲ.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದರು. ಅವರು ಮೆಂಫಿಸ್ ಊರಿಗೆ ಹೋಗಿದ್ದು ಕಸ ಎತ್ತುವ ಕಾರ್ಮಿಕರ ಮುಷ್ಕರಕ್ಕೆ ಬೆಂಬಲವಾಗಿ ನಿಲ್ಲೋದಕ್ಕೆ. ಇದಾದ 11 ದಿನಕ್ಕೆ ಲಾಸ್ ಏಂಜಲೀಸಿನ ಶಿಕ್ಷಕಿ ಹ್ಯಾರಿಯೆಟ್ ಗ್ಲಿಕ್‌ಮನ್ ಶುಲ್ಜ್‌ಗೆ ಕಾಗದ ಬರೆದರು. ನಿಮ್ಮ ಮಕ್ಕಳ ನಡುವೆ ಒಂದು ಕಪ್ಪು ಮಗು ಯಾಕಿರಬಾರದು? ಮೇಲಿನಿಂದ ಕರುಣೆ ತೋರಿಸಿದ ಹಾಗಾದೀತು ಎಂದು ಶುಲ್ಜ್ ಹಿಂಜರಿದರು. ಆಕೆ ಕಪ್ಪು ಗೆಳೆಯರಿಂದಲೂ ಕಾಗದ ಬರೆಸಿದರು. ಅದೇ ಜುಲೈ 31ರಂದು ಸಮುದ್ರದ ದಂಡೆಯಲ್ಲಿ ಚಾರ್ಲಿ ಬ್ರೌನನ ಚೆಂಡು ಹಿಂದಕ್ಕೆ ಕೊಡುತ್ತಾ ಫ್ರಾಂಕ್ಲಿನ್ ಬಂದ. ಈ ಮಕ್ಕಳನ್ನು ಒಂದೇ ಶಾಲೆಯಲ್ಲಿ ಕೂರಿಸಬೇಡಿ ಎಂದು ದಕ್ಷಿಣದ ಸಂಪಾದಕನೊಬ್ಬ ಬರೆದನಂತೆ. ಶುಲ್ಜ್ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮನುಷ್ಯನ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ.

ಪ್ರಾಮಾಣಿಕರ ಮನೆಯಲ್ಲೇ ಏನಾಯಿತು ನೋಡಿ. 1973ರ ನವೆಂಬರ್ 20ರಂದು ‘ಎ ಚಾರ್ಲಿ ಬ್ರೌನ್ ಥ್ಯಾಂಕ್ಸ್‌ಗಿವಿಂಗ್’ ಪ್ರಸಾರವಾಯಿತು. ಹಿತ್ತಲಲ್ಲಿ ಊಟ. ಸುಟ್ಟ ಬ್ರೆಡ್ಡು, ಪಾಪ್‌ಕಾರ್ನು, ಮಿಠಾಯಿ. ಮೇಜಿನ ಒಂದು ಬದಿ ತುಂಬಿದೆ, ಕೊನೆಗಳೂ ತುಂಬಿವೆ. ಇನ್ನೊಂದು ಬದಿಯಲ್ಲಿ ಫ್ರಾಂಕ್ಲಿನ್ ಒಬ್ಬನೇ, ಹಿತ್ತಲಿನ ಮಡಚುವ ಕುರ್ಚಿಯ ಮೇಲೆ. ಲೈನಸ್ ಎದ್ದು ನಿಂತು 1621ರ ಔತಣದ ಕತೆ ಹೇಳುತ್ತಾನೆ. ಆದಿವಾಸಿ ನಾಯಕ ಮ್ಯಾಸಸಾಯಿಟ್ ತನ್ನ ಜನರೊಡನೆ ಊಟ ಹೊತ್ತು ತಂದನಂತೆ. ಹೊಸ ನಾಡಿನಲ್ಲಿ ಸ್ವಾತಂತ್ರ್ಯ, ನ್ಯಾಯ ಕಟ್ಟುವ ಅವಕಾಶಕ್ಕಾಗಿ ದೇವರಿಗೆ ವಂದನೆ. ಎದುರಿಗೆ ಒಂಟಿ ಕುರ್ಚಿ! ಊಟ ತಂದವರ ನೆಲ ಆಮೇಲೆ ಯಾರ ಪಾಲಾಯಿತು ಅನ್ನೋದನ್ನ ಆ ಪ್ರಾರ್ಥನೆ ಹೇಳೋದಿಲ್ಲ. 1970ರಿಂದ ಆದಿವಾಸಿಗಳು ಅದೇ ಹಬ್ಬದ ದಿನ ಪ್ಲಿಮತ್‌ನಲ್ಲಿ ಸೇರಿ ಶೋಕ ಆಚರಿಸುತ್ತಾ ಬಂದಿದ್ದಾರೆ.

ಬೇಕಂತಲೇ ಹಾಗೆ ಕೂರಿಸಿದರು ಅಂತ ನಾನು ಹೇಳೋದಿಲ್ಲ. ಚಿತ್ರದ ನಿರ್ದೇಶಕರಲ್ಲಿ ಒಬ್ಬರಾದ ಬಿಲ್ ಮೆಲೆಂಡೆಜ್ ಮೆಕ್ಸಿಕೋದಲ್ಲಿ ಹುಟ್ಟಿದವರು, 1941ರ ಡಿಸ್ನಿ ಮುಷ್ಕರದಲ್ಲಿ ನಿಂತವರು. ಭಯ ಇರೋದೇ ಇಲ್ಲಿ. ದುಷ್ಟರು ಮಾಡಿದ್ದರೆ ಬೈದು ಮುಗಿಸಬಹುದಿತ್ತು. ಒಳ್ಳೆಯವರ ಕೈಗೂ ಗೊತ್ತಿಲ್ಲದೆ ಪಂಕ್ತಿಭೇದ ಬಂದುಬಿಡುತ್ತದೆ. ಪಂಕ್ತಿ ಅಂದರೇನು ಅಂತ ನಮ್ಮ ಕೇರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕುರ್ಚಿಗಿಂತ ದೊಡ್ಡ ಪಂಕ್ತಿಭೇದ ಇನ್ನೊಂದಿದೆ. ಈ ಲೋಕದಲ್ಲಿ ಎಲ್ಲರಿಗೂ ಒಂದೊಂದು ಹುಚ್ಚು, ಒಂದೊಂದು ಕೊರತೆ. ಅದರಿಂದಲೇ ಅವರು ನಮ್ಮವರಾಗೋದು. ಫ್ರಾಂಕ್ಲಿನ್‌ಗೆ ಮಾತ್ರ ಯಾವ ಕೊರತೆಯೂ ಇಲ್ಲ. ಒಳ್ಳೆ ಹುಡುಗ, ಅಷ್ಟೆ. ಯಾರ ಮನಸ್ಸಿಗೂ ನೋವಾಗಬಾರದು ಅಂತ ಅವನನ್ನು ಮನುಷ್ಯನನ್ನಾಗಿ ಮಾಡೋದನ್ನೇ ಬಿಟ್ಟರು. ನಮ್ಮ ಕತೆ ಕಾದಂಬರಿಗಳಲ್ಲೂ ಎಷ್ಟು ದಲಿತ ಪಾತ್ರಗಳು ಹೀಗೆ ಬಂದು ಹೋಗಿಲ್ಲ? ಮುಗ್ಧ, ನಿಷ್ಠ, ಕೊನೆಗೆ ಕಣ್ಣೀರು. ತಪ್ಪು ಮಾಡುವ, ಸಿಟ್ಟಾಗುವ, ಪೆದ್ದನಾಗುವ ಹಕ್ಕೂ ಮನುಷ್ಯನ ಹಕ್ಕೇ ಅಲ್ಲವೇ?

51 ವರ್ಷದ ಮೇಲೆ, 2024ರಲ್ಲಿ ‘ವೆಲ್‌ಕಮ್ ಹೋಮ್, ಫ್ರಾಂಕ್ಲಿನ್’ ಬಂತು. ಬರೆದವರಲ್ಲಿ ಕಪ್ಪು ವ್ಯಂಗ್ಯಚಿತ್ರಕಾರ ರಾಬ್ ಆರ್ಮ್‌ಸ್ಟ್ರಾಂಗ್ ಒಬ್ಬರು. ಶುಲ್ಜ್ ಫ್ರಾಂಕ್ಲಿನ್‌ಗೆ ಇಟ್ಟ ಮನೆತನದ ಹೆಸರು ಇವರದ್ದೇ. ಇದರಲ್ಲಿ ಒಂಟಿಯಾಗಿ ಕೂತ ಫ್ರಾಂಕ್ಲಿನ್‌ನನ್ನು ಗೆಳೆಯರು ತಮ್ಮ ಬದಿಗೆ ಕರೆಯುತ್ತಾರೆ. ಹಳೆಯ ತಪ್ಪನ್ನು ಒಪ್ಪಿಕೊಂಡ ಹಾಗೆ. ನೋಡಿ ಸಂತೋಷವಾಯಿತು, ಸುಳ್ಳು ಹೇಳಲಾರೆ. ಆದರೂ ಒಂದು ಮಾತು. ಕರೆಯುವವರು ಅವರೇ, ಹೋಗಿ ಕೂರುವವನು ಇವನೇ. ಸಹಭೋಜನದಿಂದ ಮಾತ್ರ ಜಾತಿ ಸಾಯೋದಿಲ್ಲ ಅಂತ ಬಾಬಾಸಾಹೇಬರು 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಎಚ್ಚರಿಸಿದ್ದರು. ನನ್ನ ಮಟ್ಟಿಗೆ ಈ ಚಿತ್ರದಲ್ಲಿ ದೊಡ್ಡದು ಕುರ್ಚಿ ಬದಲಾದದ್ದಲ್ಲ, ಪೆನ್ನು ಕೈ ಬದಲಾದದ್ದು. ಆ ಪೆನ್ನಿನಿಂದಲೇ ಫ್ರಾಂಕ್ಲಿನ್‌ಗೆ ಕೊನೆಗೂ ಒಂದು ಕತೆ, ಒಂದು ಒಂಟಿತನ, ಗೆಳೆಯನ ಜೊತೆ ಒಂದು ಜಗಳ ಸಿಕ್ಕಿತು.

ಎರಡೂ ಚಿತ್ರಗಳನ್ನು ನಮ್ಮ ಮಕ್ಕಳಿಗೆ ತೋರಿಸೋಣ. ಭಾಷಣ ಬೇಡ. ಯಾರು ಎಲ್ಲಿ ಕೂತಿದ್ದಾರೆ ನೋಡ್ರಪ್ಪಾ ಅಂತ ಮಾತ್ರ ಕೇಳೋಣ. ಅವರು ಹೇಳ್ತಾರೆ.